ಗೆರೆಯಂಚಿನ ಖಾಲಿ ಜಾಗ

ಅಮ್ಮಾ,

ಈ ಬೆಳಿಗ್ಗೆ ಗ್ರೆಟಾ ಫೋನನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ಟೋಸ್ಟಿನ ಅಂಚನ್ನು ಮಾತ್ರ ತಿಂದಳು. ಅವಳ ತರಗತಿಯ ಹುಡುಗಿಯರಿಗೆ ಕಾಲೇಜು ಫುಟ್‌ಬಾಲ್ ತಂಡಗಳ ಕೋಚ್‌ಗಳು ನಿಯಮದ ಪ್ರಕಾರ ಕರೆ ಮಾಡಬಹುದಾದ ಮೊದಲ ದಿನ ಇದು. ಮಧ್ಯಾಹ್ನದವರೆಗೆ ಬಂದದ್ದು ದಂತವೈದ್ಯರ ಕರೆಯೊಂದೇ.

ಸಂಜೆ ಮಿನೆಸೋಟಾದಿಂದ ಒಬ್ಬ ಕೋಚ್ ಕರೆ ಮಾಡಿದರು. ಗ್ರೆಟಾ ಫೋನನ್ನು ನನಗೂ ಕೇಳಿಸುವಂತೆ ಹಿಡಿದಳು. ಅವಳ ಎಡಗಾಲಿನ ಹೊಡೆತವನ್ನು ಹೊಗಳಿದ ಮೇಲೆ ಅವರು, "ನಿನ್ನ ಆಟ ನೋಡೋಕೆ ಮನೆಯಿಂದ ಯಾರು ಬರ್ತಾರಮ್ಮಾ?" ಎಂದು ಕೇಳಿದರು.

"ಅಕ್ಕ. ಒಂದು ಪಂದ್ಯಾನೂ ತಪ್ಪಿಸಲ್ಲ."

"ಒಳ್ಳೇದು. ಶನಿವಾರ ಬರ್ತೀನಿ. ಆಟ ಹಿಡಿಸಿದ್ರೆ, ತಂಡದಲ್ಲಿ ಜಾಗ ಕೊಡೋ ಮಾತನ್ನ ಅಕ್ಕನ ಎದುರೇ ಆಡೋಣ."

ಫೋನಿಟ್ಟ ಮೇಲೆ, "ಸುಳ್ಳಿ! ನಾನು ಕಾರಲ್ಲಿ ಕೂತು ಪುಸ್ತಕ ಓದ್ತಿರ್ತೀನಲ್ಲೇ," ಎಂದೆ.

"ಕಾರೂ ಮೈದಾನಕ್ಕೇ ಬಂದಿರುತ್ತಲ್ಲ!" ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡದೆ, "ಗೋಲ್ ಹೊಡೆದಾಗ ಯಾವ ಕಡೆ ನೋಡ್ಬೇಕೋ ಗೊತ್ತಾಗಲ್ಲ ಕಣೇ," ಎಂದಳು.

ನೀನು ತೀರಿಕೊಂಡ ಮೇಲೂ ಮೈದಾನದ ಗೆರೆಯಂಚಿನಲ್ಲಿ ನಿನ್ನ ಕುರ್ಚಿಯ ಜಾಗವನ್ನು ಉಳಿದ ಅಮ್ಮಂದಿರು ಖಾಲಿಯೇ ಬಿಡುತ್ತಾರೆ. ಕಾರಿನಿಂದ ಅದು ಕಾಣುವುದಿಲ್ಲ; ನಾನು ಅಲ್ಲೇ ಕೂರುವುದು ಅದಕ್ಕೇ.

ಈ ಶನಿವಾರ ಅಲ್ಲಿ ನಾನು ಕೂರುತ್ತೇನೆ. ನಿನ್ನಂತೆ ಕೂಗಲು ನನಗೆ ಬಾರದು. ಅವಳು ತಿರುಗಿ ನೋಡಿದಾಗ ಎದ್ದು ನಿಲ್ಲುತ್ತೇನೆ.