ನೀವು ತೆರೆಯದ ನನ್ನ ಅರ್ಜಿ

ಅರ್ಜಿಗಳನ್ನು ಓದುವ ಹೊಣೆ ಹೊತ್ತಿರುವ ಪ್ರವೇಶ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಿಮ್ಮ ವೈದ್ಯಕೀಯ ಕಾಲೇಜು ಸತತ ಮೂರನೇ ವರ್ಷವೂ ನನ್ನನ್ನು ಬೇಡವೆಂದಿದೆ. ಅದು ನನ್ನ ದೂರಲ್ಲ. ಬೇಡವೆನ್ನುವ ಹಕ್ಕು ನಿಮಗಿದೆ, ಬೇಡವೆನಿಸಿಕೊಳ್ಳುವ ಅಭ್ಯಾಸ ನನಗಾಗಿದೆ. ನನ್ನ ದೂರು ಇಷ್ಟೇ: ನೀವು ನನ್ನ ಅರ್ಜಿಯನ್ನು ತೆರೆದೇ ನೋಡಲಿಲ್ಲ. ಆದರೂ 'ಸಮಗ್ರವಾಗಿ, ಸಹಾನುಭೂತಿಯಿಂದ ಪರಿಶೀಲಿಸಿದ ಬಳಿಕ' ವಿಷಾದಿಸುತ್ತೇವೆ ಎಂದು ಬರೆದಿರಿ. ಆ ಸಹಾನುಭೂತಿ ಎಲ್ಲಿತ್ತು, ಯಾರದಾಗಿತ್ತು ಎಂದು ಕೇಳಲು ಈ ಪತ್ರ.

ಪದವಿಯಲ್ಲಿ ನನ್ನ ಸರಾಸರಿ ಅಂಕ ನಾಲ್ಕಕ್ಕೆ ಮೂರನ್ನೂ ಮುಟ್ಟುವುದಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆಯಲ್ಲಾದರೋ, ಇಡೀ ದೇಶದಲ್ಲಿ ನನಗಿಂತ ಮುಂದಿರುವವರು ನೂರಕ್ಕೆ ಮೂವರೂ ಇಲ್ಲ. ಈ ಎರಡೂ ಅಂಕಗಳು ಒಬ್ಬಳವೇ. ರೋಗಿಯೊಬ್ಬನ ಎರಡು ತಪಾಸಣೆಗಳು ಎರಡು ಬೇರೆ ಮಾತು ಹೇಳಿದರೆ ನೀವು ಅವನನ್ನು ಕರೆದು ವಿಚಾರಿಸುವುದಿಲ್ಲವೇ? ಅಥವಾ ಕೆಟ್ಟದ್ದೊಂದನ್ನೇ ನಂಬಿ ಮನೆಗೆ ಕಳಿಸಿಬಿಡುತ್ತೀರಾ?

ನೀವು ವಿಚಾರಿಸಲಿಲ್ಲ. ನಾನೇ ಹೇಳುತ್ತೇನೆ.

ನನ್ನ ಅಪ್ಪ ಅಮ್ಮ ಇಬ್ಬರೂ ಹುಟ್ಟಿನಿಂದ ಕಿವುಡರು. ನಮ್ಮ ಮನೆಯಲ್ಲಿ ಮಾತೆಂದರೆ ಕೈಮಾತು. ಅಪ್ಪನ ಹೆಸರು ವೆಂಡಲ್, ನಮ್ಮೂರು ಆಕ್ರನ್ನಿನ ಮುದ್ರಣಾಲಯವೊಂದರಲ್ಲಿ ಕೆಲಸಕ್ಕಿದ್ದ. ಊಟಕ್ಕೆ ಕೂತಾಗ ಅಲ್ಲಿಯವರೆಲ್ಲರ ನಡಿಗೆಯನ್ನು ಎರಡೇ ಬೆರಳಿನಲ್ಲಿ ಮೇಜಿನ ಮೇಲೆ ಅಣಕಿಸಿ ನಮ್ಮನ್ನು ನಗಿಸುತ್ತಿದ್ದ. ನಾನು ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ ಅವನಿಗೆ ಹೊಟ್ಟೆನೋವು ಶುರುವಾಯಿತು, ಮೈ ಹಳದಿಯಾಯಿತು. ಆಸ್ಪತ್ರೆಯವರು ಕೈಮಾತಿನ ದುಭಾಷಿಯನ್ನು ಕರೆಸಬೇಕೆಂಬ ಕಾನೂನಿದೆ. ಕೇಳಿದಾಗಲೆಲ್ಲ ಬರುತ್ತಾರೆ ಎಂದರು. ಬಂದದ್ದು ವೈದ್ಯರು. "ಪ್ಯಾಂಕ್ರಿಯಾಸ್‌ನಲ್ಲಿ ಕ್ಯಾನ್ಸರ್. ಲಿವರ್‌ಗೂ ಹರಡಿದೆ. ನೀನೇ ಹೇಳಿಬಿಡಮ್ಮ," ಎಂದರು ನನಗೆ. ಅಪ್ಪನ ಕಡೆ ತಿರುಗಲಿಲ್ಲ.

ನನಗೆ ಹತ್ತೊಂಬತ್ತು. ಆ ಅಂಗದ ಹೆಸರನ್ನು ತರಗತಿಯಲ್ಲಿ ಬರೆದು ಗೊತ್ತಿತ್ತು, ಕೈಯಲ್ಲಿ ಆಡಿ ಗೊತ್ತಿರಲಿಲ್ಲ. ನನ್ನದೇ ಹೊಟ್ಟೆ ಮುಟ್ಟಿಕೊಂಡು ಏನೇನೋ ತೋರಿಸಿದೆ.

"ಏನಾಯ್ತು ಮಗಳೇ, ಕೈ ತೊದಲ್ತಾ ಇದೆಯಲ್ಲ. ನಿಧಾನಕ್ಕೆ ಹೇಳು," ಎಂದ ಅಪ್ಪ.

ಹೇಳಿದೆ. ಅವನು ಬಾಗಿಲಲ್ಲಿ ನಿಂತಿದ್ದ ವೈದ್ಯರನ್ನು ನೋಡಿ, "ಮುಖ ಕೊಟ್ಟು ಮಾತಾಡೋಕೇ ಆಗ್ತಿಲ್ಲ ಅವನಿಗೆ. ಪಾಪ, ಹೆದರಿದಾನೆ," ಎಂದ. ಇದನ್ನು ನಾನು ವೈದ್ಯರಿಗೆ ಅನುವಾದಿಸಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಚಿಕಿತ್ಸೆಗೂ ಅಪ್ಪನ ಬಾಯಿ ಕಿವಿ ಎರಡೂ ನಾನೇ. ರಸಾಯನಶಾಸ್ತ್ರದಲ್ಲಿ ಫೇಲಾದೆ, ಭೌತಶಾಸ್ತ್ರದಲ್ಲಿ ಕೂದಲೆಳೆಯಲ್ಲಿ ಪಾಸಾದೆ. ಕಾಲೇಜಿನ ಸಲಹೆಗಾರರ ಬಳಿ ಹೋದರೆ ಸುಲಭದ ವಿಷಯ ತೆಗೆದುಕೊಳ್ಳೆಂದರು. ಕಾರಣ ತಿಳಿಸಿ ಆ ಅವಧಿಯ ತರಗತಿಗಳಿಂದ ಹೆಸರು ಹಿಂಪಡೆದಿದ್ದರೆ ಆ ಅಂಕಗಳು ಲೆಕ್ಕಕ್ಕೇ ಬರುತ್ತಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ, ಯಾರನ್ನು ಕೇಳಬೇಕಿತ್ತು? ವಸಂತ ಕಾಲಿಡುವ ಹೊತ್ತಿಗೆ ಅಪ್ಪ ಹೋದ. ಆಮೇಲೆ ಅಂಕಗಳು ಚೆನ್ನಾಗಿಯೇ ಬಂದವು. ಆದರೆ ಸರಾಸರಿಗೆ ಸಾವು ತಿಳಿಯುವುದಿಲ್ಲ.

ನಿಮ್ಮ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ನಿಮ್ಮನ್ನು ರೂಪಿಸಿದ ಕಷ್ಟವನ್ನು ವಿವರಿಸಿ. ಉತ್ತರಿಸುವ ಮೊದಲು ಅಮ್ಮನ ಒಪ್ಪಿಗೆ ಕೇಳಿದೆ. ಗಂಡನ ಸಾವು ಅವಳದೂ ತಾನೇ? ಅಮ್ಮ ಎರಡು ದಿನ ಯೋಚಿಸಿದಳು. "ಬರಿ. ಆದ್ರೆ ಅವರಿಗೆ ಅಯ್ಯೋ ಅನಿಸೋ ಹಾಗೆ ಬರೀಬೇಡ. ಅವನು ನಗಿಸ್ತಿದ್ದ ಅನ್ನೋದನ್ನೂ ಹಾಕು," ಎಂದಳು. ಹಾಕಿದ್ದೆ.

ಈ ಸಲದ ಉತ್ತರ ಬಂದ ಮೇಲೆ ನಿಮ್ಮ ಕಚೇರಿಗೆ ಬಂದಿದ್ದೆ. ಎಲ್ಲಿ ಎಡವಿದೆನೆಂದು ತಿಳಿದರೆ ತಿದ್ದಿಕೊಳ್ಳೋಣವೆಂದು. ಅಲ್ಲಿದ್ದ ಹಿರಿಯ ಹೆಂಗಸೊಬ್ಬರು ನನ್ನ ಹೆಸರು ಹುಡುಕಿ, ಪರದೆಯನ್ನೇ ನೋಡುತ್ತ ಕೂತರು. ದಯವಿಟ್ಟು ಅವರು ಯಾರೆಂದು ವಿಚಾರಿಸಬೇಡಿ. ನಿಮ್ಮ ಕಟ್ಟಡದಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ.

"ಇದನ್ನ ಯಾರೂ ತೆರೆದಿಲ್ಲ, ಕಂದಾ," ಎಂದರು. "ಸರಾಸರಿ ಮೂರಕ್ಕಿಂತ ಕಡಿಮೆ ಇದ್ರೆ ಕಂಪ್ಯೂಟರೇ ಪಕ್ಕಕ್ಕೆ ಹಾಕತ್ತೆ. ಹೋದ ವರ್ಷದ್ದೂ ಹಂಗೇ ಇದೆ, ಅದರ ಹಿಂದಿನದ್ದೂ."

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಮೊದಲು ಅವಳಿಗೆ ಅರ್ಥವಾಗಲಿಲ್ಲ. ಓದಿ ಬೇಡವೆಂದರೆಂದೇ ತಿಳಿದಿದ್ದಳು. ಮತ್ತೊಮ್ಮೆ ಹೇಳಿದೆ. "ಯಾರೂ ಓದೇ ಇಲ್ವಾ? ಹಾಗಾದ್ರೆ ಅವನ ವಿಷಯ ಕೇಳಿದ್ದು ಯಾಕೆ?" ಎಂದಳು. ಅವಳು ಮುಖ ಆಚೆ ತಿರುಗಿಸಿಕೊಂಡಳು. ನಮ್ಮ ಮನೆಯಲ್ಲಿ ಅದು ಮಾತು ಸಾಕೆಂದು ಎದ್ದುಹೋದಂತೆ.

ಮಾನ್ಯರೇ, ಪಕ್ಕದ ರಾಜ್ಯದ ಸಣ್ಣ ಕಾಲೇಜೊಂದು ಈ ವರ್ಷ ನನ್ನನ್ನು ಕರೆದು ಕೂರಿಸಿಕೊಂಡು, ಫೇಲಾದ ವರ್ಷದ ಬಗ್ಗೆ ಕೆದಕಿ ಕೆದಕಿ ಕೇಳಿ, ಕೊನೆಗೆ ಬೇಡವೆಂದಿತು. ಆ ರಾತ್ರಿ ಅತ್ತುಬಿಟ್ಟೆ, ಸುಳ್ಳೇಕೆ? ಆದರೆ ಅವರು ನನ್ನನ್ನು ನೋಡಿ ಬೇಡವೆಂದರು. ಅಲ್ಲಿಗೆ ಮತ್ತೆ ಅರ್ಜಿ ಹಾಕುತ್ತೇನೆ. ಅಲ್ಲಿಯವರೆಗೆ ಆಸ್ಪತ್ರೆಗಳಲ್ಲಿ ನಾನು ಈಗ ಮಾಡುತ್ತಿರುವ ಕೈಮಾತಿನ ದುಭಾಷಿಯ ಕೆಲಸ ಇದ್ದೇ ಇದೆ. ಮಕ್ಕಳ ಕೈಯಲ್ಲಿ ಇಂಥ ಸುದ್ದಿ ಹೇಳಿಸುವುದು ಅಷ್ಟರಮಟ್ಟಿಗಾದರೂ ತಪ್ಪುತ್ತದೆ.

ನಿಮ್ಮಿಂದ ನಾನು ಸೀಟು ಕೇಳುತ್ತಿಲ್ಲ. ಅಂಕ ನೋಡಿಯೇ ಆರಿಸುವುದಾದರೆ ಆರಿಸಿ. ಅದೂ ಒಂದು ಪದ್ಧತಿಯೇ. ಆದರೆ ಅದನ್ನು ಅರ್ಜಿಯ ಮೊದಲ ಸಾಲಿನಲ್ಲೇ, ಕಣ್ಣಿಗೆ ಕಾಣುವಂತೆ ಅಚ್ಚು ಹಾಕಿಸಿ: ಸರಾಸರಿ ಮೂರು ಇಲ್ಲದವರು ತಮ್ಮ ಅಪ್ಪಂದಿರ ಬಗ್ಗೆ ನಮಗೆ ಹೇಳಬೇಕಾಗಿಲ್ಲ.

ಇಂತಿ,
ಮೂರಕ್ಕೆ ತುಸು ಕೆಳಗಿರುವ
ರೋವೀನಾ ಟ್ಯಾಕೆಟ್
ಆಕ್ರನ್, ಒಹಾಯೊ