ಯೋಗಾನಂದರ ಎರಡನೇ ಸಾಲು

ಗಿರಿನಗರ

ಪ್ರಿಯ ಚೈತ್ರ,

ರಕ್ತ ಕೊಡಲು ಬನ್ನಿ ಎಂದು ನಿಮ್ಮ ರಕ್ತದಾನಿಗಳ ಬಳಗದಿಂದ ನಿನ್ನೆ ಮತ್ತೆ ಇವರ ಫೋನಿಗೆ ಸಂದೇಶ ಬಂತು. ಇವರು ತೀರಿಕೊಂಡ ವಾರವೇ ನೀನು ಬಳಗದ ಎಕ್ಸೆಲ್ ಪಟ್ಟಿಯಲ್ಲಿ ಅದನ್ನು ನಿಲ್ಲಿಸಿದ್ದೆ, ಗೊತ್ತು. ಆದರೆ ಇವರ ಹೆಸರು ಬಹುಶಃ ಎರಡು ಸಾಲಿನಲ್ಲಿದೆ: ಒಂದರಲ್ಲಿ ಯೋಗಾನಂದ, ಇನ್ನೊಂದರಲ್ಲಿ ಯೋಗಾನಂದ್. ಫೋನ್ ನಂಬರಿನ ಮೇಲೆ ಫಿಲ್ಟರ್ ಹಾಕು, ಎರಡೂ ಸಿಗುತ್ತವೆ. “ಹೆಸ್ರು ನಂಬ್ಬೇಡ ಚೈತ್ರ, ನಂಬರ್ ನೋಡು” ಎಂದು ನಿನಗೆ ಇವರೇ ಹೇಳಿಕೊಟ್ಟಿದ್ದರಲ್ಲ.

ಸಾಲನ್ನೇ ಅಳಿಸಬೇಡಮ್ಮ, ರಕ್ತ ಕೊಟ್ಟ ತಾರೀಖುಗಳು ಅದರಲ್ಲಿವೆ. ಸಂದೇಶದ ಕಾಲಂನಲ್ಲಿ ‘ಬೇಡ’ ಎಂದು ಆರಿಸಿದರೆ ಸಾಕು.

ನಿನ್ನೆ ಆ ಸಂದೇಶವನ್ನು ಮೊದಲು ಓದಿದವರು ನಮ್ಮ ಅತ್ತೆ. ಅವರಿಗೀಗ ಮರೆವು. “ಸಂಜೆ ಬಂದ್ಮೇಲೆ ಹೋಗ್ತಾನೆ ಅಂತ ಹೇಳಮ್ಮ” ಅಂದರು.

ನಾನು “ಆಯ್ತು” ಅಂದೆ.

ಇಂತಿ,
ಸುಮಂಗಲ