ಬಾಗಿಲ ಮರೆಯ ಪ್ರಶ್ನೆ

ಉಲ್ಲಾಳ
೨೧ ಡಿಸೆಂಬರ್ ೨೦೦೮, ಭಾನುವಾರ

ಚೈತ್ರಳ ಅಪ್ಪನಿಗೆ,

‘ಪ್ರೀತಿಯ’ ಎಂದು ಶುರುಮಾಡಿದರೆ ಈ ವಯಸ್ಸಿನಲ್ಲಿ ನನಗೇ ನಗು ಬರುತ್ತದೆ. ಬರೀ ‘ನಮಸ್ಕಾರ’ ಎಂದರೆ ಕರೆಂಟ್ ಆಫೀಸಿಗೆ ಅರ್ಜಿ ಬರೆದ ಹಾಗಿರುತ್ತದೆ. ಹಾಗಾಗಿ ಎರಡೂ ಬೇಡ. ನಾನು ಚೆನ್ನಾಗಿದ್ದೇನೆ, ಅಕ್ಕನೂ ಚೆನ್ನಾಗಿದ್ದಾಳೆ.

ನೀವು ಹೇಳಿಕಳಿಸಿದ್ದನ್ನು ಚೈತ್ರ ಹೇಳಿದಳು. ನಂದಿನಿ ಲೇಔಟ್ ಮನೆಯ ಕರಾರು ಜನವರಿಗೆ ಮುಗಿಯುತ್ತದೆ, ಓನರ್ ಲಿಂಗಪ್ಪನವರು ಉತ್ತರ ಕೇಳುತ್ತಿದ್ದಾರೆ, ನಾನು ವಾಪಸ್ ಬರುವುದಾದರೆ ಅದೇ ಮನೆ, ಇಲ್ಲದಿದ್ದರೆ ನಿಮಗೊಬ್ಬರಿಗೆ ಒಂದು ರೂಮು ಸಾಕು. ಇಷ್ಟು ವರ್ಷ ಸಂಸಾರ ಮಾಡಿದವರು ಈ ಮಾತನ್ನು ಮಗಳ ಕೈಲಿ ಕೇಳಿಸಬೇಕೇ? ಹೋಗಲಿ ಬಿಡಿ, ನಾನೂ ಫೋನ್ ಪಕ್ಕದಲ್ಲಿ ಕೂತು ಕಾಗದ ಬರೆಯುತ್ತಿದ್ದೇನೆ.

ನೀವು ರಿಟೈರ್ ಆದಾಗ ಚೈತ್ರ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಬ್ಲಾಗಿದೆಯಲ್ಲ, ಅದನ್ನು ನಾನು ಓದುತ್ತಿದ್ದೇನೆ. ಗಾಬರಿಯಾಗಬೇಡಿ. ಯೂನಿವರ್ಸಿಟಿ ಕಡೆ ಹೋಗುವ ರಸ್ತೆಯಲ್ಲಿ ಮುತ್ತುರಾಜ ಎಂಬವನ ಸೈಬರ್ ಸೆಂಟರ್ ಇದೆ. ನಾನು ಒಳಗೆ ಕಾಲಿಟ್ಟರೆ ಸಾಕು, “ಬನ್ನಿ ಆಂಟಿ, ಅಂಕಲ್ ಇವತ್ತು ಯಾವ ದೇಶಕ್ಕೆ ಹೋಗಿದಾರೆ ನೋಡಣ” ಎಂದು ತಾನೇ ತೆಗೆದುಕೊಡುತ್ತಾನೆ. ಅಮೆರಿಕದ ಚುನಾವಣೆ ಓದಿದೆ. ಬಾಗ್ದಾದಿನಲ್ಲಿ ಅಮೆರಿಕದ ಅಧ್ಯಕ್ಷರ ಮೇಲೆ ಬೂಟು ಎಸೆದದ್ದನ್ನು ಅಷ್ಟುದ್ದ ಬರೆದಿದ್ದೀರಿ, ಎರಡನೆಯದೂ ಗುರಿ ತಪ್ಪಿತಲ್ಲ ಎಂದು ನಿಮಗೇ ಬೇಜಾರಾದ ಹಾಗಿತ್ತು. ಇನ್ನು ಆ ಇರಾನಿನ ಸಿನಿಮಾ. ಒಬ್ಬ ಹೆಂಗಸು ಸಿನಿಮಾ ಪೂರ್ತಿ ಬಸ್ಸಿಗೆ ಕಾಯುತ್ತಾಳಂತೆ, ಬಸ್ಸು ಬರುವುದೇ ಇಲ್ಲವಂತೆ, ಮಹಾ ಕಲೆಯಂತೆ. ಬೆಳಿಗ್ಗೆ ನಮ್ಮ ಉಲ್ಲಾಳದ ಬಸ್ ಸ್ಟಾಪಿಗೆ ಬನ್ನಿ, ಬಿಟ್ಟಿ ತೋರಿಸುತ್ತಾರೆ.

‘ಸುಸ್ತು’ ಎಂಬ ಪದದ ಬಗ್ಗೆ ಬರೆದದ್ದನ್ನು ಮಾತ್ರ ಮತ್ತೆ ಮತ್ತೆ ಓದಿದೆ. ಪಾರಸಿ ಭಾಷೆಯಿಂದ ಬಂದದ್ದಂತೆ. ಅಷ್ಟು ದೂರದಿಂದ ಬಂದದ್ದು ನನ್ನ ಮಂಡಿಯಲ್ಲೇ ಕೂರಬೇಕಿತ್ತೇ? ದಣಿವು ಬೇರೆ, ಸುಸ್ತು ಬೇರೆ ಎಂದಿದ್ದೀರಿ. ಸರಿಯಾಗಿದೆ. ದಣಿವು ಒಂದು ನಿದ್ದೆ ಮಾಡಿದರೆ ಹೋಗುತ್ತದೆ. ಹಾಸಿಗೆ ಹಿಡಿದ ಅಮ್ಮನನ್ನು ನಮ್ಮ ಮನೆಯಲ್ಲಿಟ್ಟುಕೊಂಡು ನೋಡಿಕೊಂಡೆನಲ್ಲ, ಅದು ಬರೀ ದಣಿವಾಗಿದ್ದರೆ ಇಷ್ಟು ಹೊತ್ತಿಗೆ ಹೋಗಿರಬೇಕಿತ್ತು. ಬೆಳಿಗ್ಗೆ ಎದ್ದ ತಕ್ಷಣ ಅಲ್ಲೇ ಇರುತ್ತದೆ.

ನಾನು ಯಾಕೆ ಮನೆ ಬಿಟ್ಟು ಬಂದೆ ಎಂದು ನೀವು ಕೇಳಲಿಲ್ಲ. ನಾನೇ ಹೇಳುತ್ತೇನೆ. ಅಮ್ಮ ಹೋದ ದಿನ ಅವಳನ್ನು ಇನ್ನೂ ಹಾಲ್‌ನಲ್ಲೇ ಮಲಗಿಸಿದ್ದೆವು. ಅಕ್ಕ ತಲೆ ಚಚ್ಚಿಕೊಂಡು ಅಳುತ್ತಿದ್ದಳು. ನಿಮ್ಮನ್ನು ಹುಡುಕಿಕೊಂಡು ಒಳಗೆ ಬಂದರೆ ನೀವು ಕಂಪ್ಯೂಟರ್ ಮುಂದೆ ಕೂತು ಅಮೆರಿಕದ ಬ್ಯಾಂಕು ಮುಳುಗಿದ ಕಥೆ ಬರೆಯುತ್ತಿದ್ದಿರಿ! ತಿರುಗಿ ಕೂಡ ನೋಡದೆ, “ಒಂದೇ ನಿಮಿಷ ಕಣೇ, ಮುಗೀತು” ಎಂದಿರಿ. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನಿಗೆ ಜಗತ್ತಿನ ಕಷ್ಟವೆಲ್ಲ ಬೇಕು, ಮನೆಯಲ್ಲಾದ ಸಾವು ಬೇಡ ಅನ್ನಿಸಿತು. ತಿಥಿ ಮುಗಿದ ಮೇಲೆ ಅಕ್ಕನ ಜೊತೆ ಆಟೋ ಹತ್ತಿ ಊರಿನ ಈ ತುದಿಗೆ, ಅವಳ ಮನೆಗೆ ಬಂದೆ.

ಮೊನ್ನೆ ಗುರುವಾರ ಆ ದಪ್ಪ ರಷ್ಯನ್ ಕಾದಂಬರಿಯ ಬಗ್ಗೆ ನೀವು ಬರೆದದ್ದು ಓದಿದೆ. ಯುದ್ಧ, ಹಿಮ, ಕ್ರಾಂತಿ, ಬಾಯಲ್ಲಿ ಹೊರಳದ ಹೆಸರುಗಳು. ಎಲ್ಲ ಮುಗಿದ ಮೇಲೆ ಯಾವ ಸಂಬಂಧವೂ ಇಲ್ಲದ ಒಂದು ಮಾತು: ‘ಅಂದಹಾಗೆ, ಹಿಟ್ಟಿನ ಗಿರಣಿಯವನ ಕಿರಿ ಮಗಳ ಮದುವೆ ಆಯಿತು. ಹುಡುಗ ಒಳ್ಳೆಯವನು, ಕುಡಿಯುವುದಿಲ್ಲ.’ ಮುತ್ತುರಾಜ ಅದನ್ನು ಓದಿ, “ಇದೇನಾಂಟಿ, ಅಂಕಲ್ ಗಂಡು ನೋಡಕ್ಕೆ ಹೋಗಿದ್ರಾ?” ಎಂದು ನಕ್ಕ. ನನಗೆ ಅರ್ಥವಾಯಿತು. ಆ ಕುರ್ಚಿಯಲ್ಲೇ ಕೂತು ಅತ್ತುಬಿಟ್ಟೆ. ಪಾಪ, ಅವನು ನೀರು ತರಿಸಿದ.

ಅಮ್ಮ ಹಳೆಯ ಕಾಲದವಳು. ಅಳಿಯನ ಎದುರು ಕೂರದವಳು, ಅಳಿಯನ ಜೊತೆ ನೇರವಾಗಿ ಮಾತಾಡದವಳು. ಏಳಲಾಗದೆ ಮಲಗಿದ ಮೇಲೂ ಅದನ್ನು ಬಿಡಲಿಲ್ಲ, ನೀವೂ ಮೀರಲಿಲ್ಲ. ಸಂಜೆಯಾದರೆ ಅವಳ ಕೋಣೆಯ ಬಾಗಿಲ ಹೊರಗೆ ಸ್ಟೂಲು ಹಾಕಿಕೊಂಡು, ಗೋಡೆಗೆ ಮುಖ ಮಾಡಿ, ಯಾರಿಗೆ ಎಂದು ಹೇಳದೆ ಸುದ್ದಿ, ಸಿನಿಮಾ, ಕಥೆ ಎಲ್ಲ ಹೇಳುತ್ತಿದ್ದಿರಿ. ಒಳಗಿಂದ ಅವಳು, “ವಿಜಿ, ಕೇಳೇ ಅವ್ರನ್ನ, ಆ ಊರಲ್ಲೂ ರಾಗಿ ಬೆಳೀತಾರಂತಾ?” ಎನ್ನುತ್ತಿದ್ದಳು. ನಾನು ಕೈಯಲ್ಲಿದ್ದ ಬೆಡ್‌ಶೀಟ್ ಸಮೇತ ಬಾಗಿಲಿಗೆ ಬಂದು ಪ್ರಶ್ನೆ ದಾಟಿಸಬೇಕು. ನಿಮ್ಮ ಉತ್ತರ ಅವಳಿಗೆ ನೆಟ್ಟಗೆ ಕೇಳಿಸಿದ್ದರೂ ಮತ್ತೆ ನಾನೇ ಹೋಗಿ ಹೇಳಬೇಕು. ಮೊದಮೊದಲು ಎಷ್ಟು ರೇಗಿದ್ದೇನೆ, “ಸಾಯೋ ಜೀವಕ್ಕೆ ರಷ್ಯಾ ಯಾಕ್ರೀ?” ಎಂದು. ಕೊನೆಯ ವಾರ ಬಾಗಿಲಾಚೆಯಿಂದ ನಿಮಗೆ ಬಂದ ಪ್ರಶ್ನೆ ಇದೇ, ಆ ರಷ್ಯನ್ ಕಾದಂಬರಿಯಲ್ಲಿ ಗಿರಣಿಯವನ ಮಗಳ ಮದುವೆ ಏನಾಯಿತು ಎಂದು. “ಇನ್ನೂ ಅಲ್ಲಿಗೆ ಬಂದಿಲ್ಲ, ಓದಿ ಹೇಳ್ತೀನಿ” ಎಂದಿದ್ದಿರಿ.

ಆ ಬ್ಯಾಂಕಿನ ಕಥೆಯನ್ನೂ ಅಮ್ಮ ಹೋಗುವ ಹಿಂದಿನ ಸಂಜೆ ಅರ್ಧಕ್ಕೆ ನಿಲ್ಲಿಸಿದ್ದಿರಿ, ಉಳಿದದ್ದು ನಾಳೆ ಎಂದು. ಮಾರನೆಯ ದಿನ ಕಂಪ್ಯೂಟರ್ ಮುಂದೆ ಕೂತು ಅದನ್ನೇ ಮುಗಿಸುತ್ತಿದ್ದಿರಿ, ಅಲ್ಲವೇ? ಇಷ್ಟು ದಿನ ಬರೆದದ್ದೆಲ್ಲ ಅವಳಿಗೇ. ನೀವು ಅಮ್ಮನಿಗಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಇಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಇನ್ನು ಹೇಳುವುದಿಲ್ಲ.

ಸಿಟ್ಟು ಇಳಿಯಿತು, ಸುಸ್ತು ಇಳಿದಿಲ್ಲ. ಅಳಿಯ ಎಂದರೆ ನಿಮ್ಮಂಥವರಿರಬೇಕು. ಆದರೆ ಅಮ್ಮನ ಜೊತೆ ಮಾತಾಡಲು ಸಂಪ್ರದಾಯ ಅಡ್ಡವಿತ್ತು, ನನ್ನ ಜೊತೆ ಮಾತಾಡಲು ಏನು ಅಡ್ಡವಿತ್ತು? ಆ ಮನೆಗೆ ಬಂದು ಮತ್ತೆ ನಿಮ್ಮ ಬೆನ್ನು ನೋಡಿಕೊಂಡಿರಲು ನನ್ನಿಂದಾಗದು. ಮನೆ ಬಿಡುತ್ತೇವೆ ಎಂದೇ ಲಿಂಗಪ್ಪನವರಿಗೆ ಹೇಳಿ. ರೂಮು ನೋಡುವಾಗ ನೀರು ಎಷ್ಟು ಹೊತ್ತು ಬರುತ್ತದೆ ಎಂದು ವಿಚಾರಿಸಿ, ಓನರ್ ಜೊತೆ ರಾಜಕೀಯ ಮಾತಾಡಿ ಬಂದುಬಿಡಬೇಡಿ. ಬಿ.ಪಿ. ಮಾತ್ರೆ ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿದೆ.

ಇಂತು,
ವಿಜಯಶ್ರೀ

ಮತ್ತೆ ಬರೆದದ್ದು: ಕವರಿಗೆ ಹಾಕಿದ ಕಾಗದವನ್ನು ಹೊರಗೆ ತೆಗೆದಿದ್ದೇನೆ. ಕೊನೆಯ ವಾರ ಅಮ್ಮನಿಗೆ ಮಾತೇ ಹೊರಡುತ್ತಿರಲಿಲ್ಲ. ನೀವು ಬಾಗಿಲಾಚೆ ಇದ್ದವರು, ನಿಮಗೆ ಗೊತ್ತಾಗಲಿಲ್ಲ. “ಅಮ್ಮ ಕೇಳ್ತಿದಾಳೆ ರೀ” ಎಂದು ಬಂದು ಕೇಳುತ್ತಿದ್ದದ್ದು ನಾನು. ಗಿರಣಿಯವನ ಮಗಳ ಮದುವೆ ಬೇಕಾಗಿದ್ದದ್ದು ನನಗೆ. ನೀವು ಮಾತು ನಿಲ್ಲಿಸಿದರೆ ಆ ಕೋಣೆಯಲ್ಲಿ ನಾನೊಬ್ಬಳೇ ಆಗಿಬಿಡುತ್ತಿದ್ದೆ. ಲಿಂಗಪ್ಪನವರಿಗೆ ಮನೆ ಬಿಡುವುದಿಲ್ಲ ಎಂದು ಹೇಳಿ. ಮದುವೆಯಾದ ಮೇಲೆ ಆ ಹುಡುಗಿ ಸುಖವಾಗಿದ್ದಳೋ ಇಲ್ಲವೋ ನೀವು ಬರೆದಿಲ್ಲ. ಅದನ್ನು ಬ್ಲಾಗಿಗೆ ಹಾಕಬೇಡಿ. ಗುರುವಾರ ಬರುತ್ತೇನೆ, ಸ್ಟೂಲನ್ನು ಒಳಗೆ ತಂದಿಡಿ.